ಬೂಟಿನ ಹೊಲಿಗೆಗೆ ಹಳೆಯ ಯಂತ್ರ

ಬೂಟಿನಲ್ಲಿ ಎರಡು ಬಗೆಯ ಹೊಲಿಗೆಗಳಿವೆ. ಪಾದದ ಮೇಲನ್ನೂ ಹಿಮ್ಮಡಿಯನ್ನೂ ಕಣಕಾಲನ್ನೂ ಹೊದಿಯುವ ತೊಗಲಿನ ತುಂಡುಗಳನ್ನು ಒಂದಕ್ಕೊಂದು ಕೂಡಿಸುವುದು ಮೊದಲನೆಯದು; ಹೀಗೆ ಸಿದ್ಧವಾದ ಮೇಲ್ಭಾಗವನ್ನು ಅಟ್ಟೆಗೆ ಬಿಗಿಯುವುದು ಎರಡನೆಯದು. ಇವೆರಡನ್ನೂ ಒಂದೇ ಯಂತ್ರ ಮಾಡಿಕೊಡುವುದೆಂದು ನಂಬಿ ಹಳೆಯ ಯಂತ್ರಗಳ ಅಂಗಡಿಗೆ ಹೋದವನು ಅಲ್ಲಿರುವುದರಲ್ಲೆಲ್ಲ ಭಾರವಾದುದನ್ನು ಆರಿಸಿ ಹೊತ್ತು ತರುತ್ತಾನೆ. ತಂದ ಮೇಲೆ ಅದು ಅಟ್ಟೆಯನ್ನು ಹೊಲಿಯದು. ಮೇಲ್ಭಾಗವನ್ನು ಹೊಲಿದರೂ ಒರಟಾಗಿ ಹೊಲಿಯುವುದು. ಹೊಸದಾಗಿ ಈ ವಿದ್ಯೆಗೆ ಕೈಹಾಕುವವರ ಹಣ ಹೆಚ್ಚಾಗಿ ಪೋಲಾಗುವುದು ಈ ಒಂದು ತಿಳಿವಳಿಕೆಯ ಕೊರತೆಯಿಂದ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಯಂತ್ರದ ಉಸಾಬರಿ ಏಕೆಂದು ಶ್ರೋತೃಗಳು ಕೇಳಬಹುದು. ಕಸುಬುಗಳ ಮಾತನ್ನು ಕಲೆಹಾಕುವ ಹವ್ಯಾಸ ನನಗೆ ಬಹುಕಾಲದಿಂದ ಇದೆ. ಹರಳಯ್ಯನ ಕಥೆಯನ್ನು ತರಗತಿಯಲ್ಲಿ ವರ್ಷ ವರ್ಷವೂ ಕಣ್ಣು ತೇವವಾಗುವಂತೆ ಹೇಳುವ ನಮ್ಮಲ್ಲಿ ರಂಪಿಗೆ ಎಂಬ ಉಪಕರಣವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಅಟ್ಟೆ, ಉಂಗುಟ, ಮಿಣಿ, ಆರೆ, ರಂಪಿಗೆ ಎಂದು ಪದಗಳನ್ನು ಬರೆದುಕೊಳ್ಳಲು ಹೋದವನು ಪದದೊಡನೆ ಪದಾರ್ಥವನ್ನೂ ಮುಟ್ಟಿ ನೋಡಬೇಕಾಯಿತು. ಮುಟ್ಟಿದ ಮೇಲೆ ಬಿಡಲಾಗಲಿಲ್ಲ. ಬೂಟು ಮಾಡುವವರ ಪಕ್ಕದಲ್ಲಿ ಕುಳಿತು ನೋಡಿದ್ದೂ ಕೇಳಿದ್ದೂ ಕೈಯಾಡಿಸಿದ್ದೂ ಈ ಮಾತಿನ ಹಿಂದಿರುವ ಬಂಡವಾಳ.

ಇದನ್ನು ಈಗ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆತನ ಅಥಣಿಯ ಕಡೆಯದು. ಕೊಲ್ಹಾಪುರಿ ಎಂದು ಲೋಕವೆಲ್ಲ ಕರೆಯುವ ಚಪ್ಪಲಿಗಳು ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಲ್ಲಿಯೂ ಆಗುತ್ತವೆಂಬುದು 2019ರಲ್ಲಿ ದೊರೆತ ಭೌಗೋಳಿಕ ಗುರುತಿನಿಂದ ಅಧಿಕೃತವಾಯಿತು. ಮಹಾರಾಷ್ಟ್ರದ ನಾಲ್ಕು, ನಮ್ಮ ನಾಲ್ಕು, ಒಟ್ಟು ಎಂಟು ಜಿಲ್ಲೆಗಳಿಗೆ ಅದು ಸೇರಿದೆ. ಆ ಚಪ್ಪಲಿಗೆ ಯಂತ್ರವೇ ಬೇಡ. ಆರೆಯಿಂದ ತೂತು ಮಾಡಿ, ತೊಗಲಿನದೇ ಸಣ್ಣ ಎಳೆಯನ್ನು ಪೋಣಿಸಿ ಕೈಯಲ್ಲೇ ಹೊಲಿಯುತ್ತಾರೆ. ಈ ಹುಡುಗನಿಗೆ ಬೂಟು ಮಾಡುವ ಆಸೆ. ಕೂಡಿಟ್ಟದ್ದು ಅಷ್ಟಿಷ್ಟು, ಸಾಲ ತಂದದ್ದು ಅಷ್ಟಿಷ್ಟು. ಅಂಗಡಿಯವನು ಮೂರು ಹಳೆಯ ಯಂತ್ರಗಳನ್ನು ತೋರಿಸಿದ್ದಾನೆ, ಯಾವುದನ್ನು ಕೊಳ್ಳಲಿ ಎಂದು ಕೇಳಿ ಬರೆದಿದ್ದ. ಸಾಲದ ಹಣದಿಂದ ಯಂತ್ರ ಕೊಳ್ಳುವವನಿಗೆ ಎರಡನೆಯ ಸಲ ಕೊಳ್ಳುವ ಅನುಕೂಲವಿರುವುದಿಲ್ಲ. ಅಂಥ ಬೇರೆಯವರೂ ಇದ್ದಾರು ಎಂದು ಅವನಿಗೆ ಬರೆದುದನ್ನೇ ವಿಸ್ತರಿಸಿ ಹೇಳುತ್ತಿದ್ದೇನೆ.

ಮೇಲಿನ ಹೊಲಿಗೆ ಬೇರೆ, ಅಟ್ಟೆಯ ಹೊಲಿಗೆ ಬೇರೆ ಎಂದೆನಷ್ಟೆ. ಯಂತ್ರಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ತುದಿಯ ಬಳಿ ಕಣ್ಣುಳ್ಳ ಸೂಜಿ ಮತ್ತು ಕೆಳಗಿನಿಂದ ಇನ್ನೊಂದು ದಾರವನ್ನು ತಂದು ಸಿಕ್ಕಿಸುವ ಲಾಳಿ, ಇವೆರಡನ್ನು ಕೂಡಿಸಿದ ಯಂತ್ರಕ್ಕೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಹಕ್ಕುಪತ್ರ ಪಡೆದ. ಐಸಾಕ್ ಸಿಂಗರನ ಹಕ್ಕುಪತ್ರ 1851ರದು. ಪಾದರಕ್ಷೆಗಳಿಗೆ ಹೆಸರಾಗಿದ್ದ ಮ್ಯಾಸಚೂಸೆಟ್ಸಿನ ಲಿನ್ ಎಂಬ ಊರಿನಲ್ಲಿ 1850ರ ದಶಕದಲ್ಲಿಯೇ ಮೇಲ್ಭಾಗದ ಹೊಲಿಗೆ ಯಂತ್ರಕ್ಕೆ ಒಲಿಯಿತು. ಅಟ್ಟೆ ಮಾತ್ರ ಈ ಯಂತ್ರಗಳಿಗೆ ಬಗ್ಗಲಿಲ್ಲ. ಅದಕ್ಕಾಗಿ ಲೈಮನ್ ಬ್ಲೇಕ್ ಎಂಬಾತ ಬೇರೆಯೇ ಯಂತ್ರವನ್ನು ಕಟ್ಟಿ 1858ರಲ್ಲಿ ಹಕ್ಕುಪತ್ರ ಪಡೆಯಬೇಕಾಯಿತು. ಮೇಲ್ಭಾಗವನ್ನು ಮರದ ಅಚ್ಚಿನ ಮೇಲೆ ಎಳೆದು ಕೂರಿಸುವ ಕೆಲಸವಂತೂ ಇನ್ನೂ ಕಾಲು ಶತಮಾನ ಕೈಯವರ ವಶದಲ್ಲೇ ಉಳಿಯಿತು. ಸೂರಿನಾಮಿನಲ್ಲಿ ಹುಟ್ಟಿ ಲಿನ್‌ನಲ್ಲಿ ಕಾರ್ಖಾನೆಯ ಕೆಲಸಗಾರನಾಗಿದ್ದ ಯಾನ್ ಮಾಟ್ಸೆಲಿಗರ್ 1883ರಲ್ಲಿ ಅದನ್ನು ಯಂತ್ರಕ್ಕೆ ಕಲಿಸಿದ. ಒಂದು ಬೂಟಿಗೆ ಮೂರು ಯಂತ್ರಗಳು, ಮೂವರ ಬುದ್ಧಿ. ಅಂಗಡಿಯವನು “ಇದೊಂದಿದ್ದರೆ ಎಲ್ಲವೂ ಆಗುತ್ತದೆ” ಎಂದಾಗ ಈ ಚರಿತ್ರೆಯನ್ನು ನೆನೆದರೆ ಸಾಕು.

ಆದುದರಿಂದ ಹೊಸಬನು ಕೊಳ್ಳಬೇಕಾದುದು ಮೇಲ್ಭಾಗದ ಯಂತ್ರವನ್ನು ಮಾತ್ರ. ಅದರ ಕೆಲಸವೇನೆಂಬುದನ್ನು ಅಳತೆಯಲ್ಲಿ ಹೇಳುವುದಾದರೆ, ಬೂಟಿನ ಮೇಲ್ತೊಗಲು ಸಾಮಾನ್ಯವಾಗಿ 1.5ರಿಂದ 2 ಮಿಲಿಮೀಟರ್ ದಪ್ಪ. ಒಳಗಿನ ಅಸ್ತರು ಸುಮಾರು 1 ಮಿಲಿಮೀಟರ್. ಎರಡು ತುಂಡುಗಳು ಒಂದರ ಮೇಲೊಂದು ಬಂದು, ಕೆಳಗೆ ಅಸ್ತರೂ ಸೇರಿದಲ್ಲಿ 4ರಿಂದ 5 ಮಿಲಿಮೀಟರ್ ಆಯಿತು. ಕೇಳುವುದಕ್ಕೆ ದೊಡ್ಡದು. ಆದರೆ ಬಲ್ಲವರು ಹಾಗೆಯೇ ಹೊಲಿಯುವುದಿಲ್ಲ. ಕೂಡುವ ಅಂಚುಗಳನ್ನು ರಂಪಿಗೆಯಿಂದ ಒಳಮೈಯಲ್ಲಿ ಓರೆಯಾಗಿ ಹೆರೆದು ಅರ್ಧಕ್ಕಿಂತ ತೆಳುವಾಗಿಸುತ್ತಾರೆ. ಹೆರೆದ ಅಂಚುಗಳು ಕೂಡಿದಾಗ ಒಂದೇ ತೊಗಲಿನಷ್ಟು ದಪ್ಪ ಉಳಿಯುತ್ತದೆ, ಕಾಲಿಗೂ ಒತ್ತುವುದಿಲ್ಲ. ರಂಪಿಗೆ ಬಲ್ಲವನಿಗೆ ಸಣ್ಣ ಯಂತ್ರ ಸಾಕು; ಬಾರದವನಿಗೆ ದೊಡ್ಡ ಯಂತ್ರವೂ ಸಾಲದು. ನನ್ನ ವಿದ್ಯಾರ್ಥಿಗೆ ನಾನು ಮೊದಲು ಬರೆದದ್ದು ಇದನ್ನೇ. ಪಟ್ಟಣದ ಹವ್ಯಾಸಿಯೊಬ್ಬ ಎರಡು ವರ್ಷ ತೊಗಲು ಕೆಡಿಸಿ ಕಲಿಯಬೇಕಾದ ಕೈಚಳಕ ಅವನಿಗೆ ಅಪ್ಪನ ಪಕ್ಕದಲ್ಲಿ ಕುಳಿತು ಬಂದಿದೆ. ಅದಕ್ಕೆ ಅಂಗಡಿಯಲ್ಲಿ ಬೆಲೆಯಿಲ್ಲದ ಕಾರಣ ಅವನಿಗೆ ಅದು ಬಂಡವಾಳವೆಂದು ತೋರಿರಲಿಲ್ಲ. ಅವನು ಹೊಸದಾಗಿ ತಿಳಿಯಬೇಕಾದುದು, ಚಪ್ಪಲಿಯ ತೊಗಲು ಗಿಡದ ತೊಗಟೆ, ಕಾಯಿಗಳಿಂದ ಹದವಾದ ಬಿರುಸು ತೊಗಲು, ಬೂಟಿನ ಮೇಲ್ತೊಗಲು ಸಾಮಾನ್ಯವಾಗಿ ಕ್ರೋಮಿಯಂ ಲವಣದಿಂದ ಹದವಾದ ಮೆದು ತೊಗಲು, ಅಲಗಿನ ಕೆಳಗೆ ಅದು ಜಗ್ಗುತ್ತದೆ ಎಂಬುದನ್ನು.

ಇನ್ನು ಬಟ್ಟೆಗೂ ತೊಗಲಿಗೂ ಇರುವ ಭೇದ. ಬಟ್ಟೆಯಲ್ಲಿ ಎಳೆಗಳಿವೆ, ದುಂಡು ತುದಿಯ ಸೂಜಿ ಅವುಗಳನ್ನು ಸರಿಸಿ ನಡುವೆ ಹೋಗುತ್ತದೆ. ಹೊಲಿಗೆ ತಪ್ಪಿದರೆ ಬಿಚ್ಚಿ, ನೀರು ಚಿಮುಕಿಸಿ ಇಸ್ತ್ರಿ ಹಾಕಿದರೆ ಗುರುತೂ ಉಳಿಯದು. ತೊಗಲಿನಲ್ಲಿ ಸರಿಸಲು ಅಂಥ ಎಳೆಯಿಲ್ಲ. ಅದಕ್ಕೆಂದೇ ಮಾಡಿದ ಸೂಜಿಯ ತುದಿ ಸಣ್ಣ ಅಲಗಿನಂತಿದ್ದು ಕೊಯ್ದುಕೊಂಡು ಹೋಗುತ್ತದೆ. ಕೊಯ್ದ ತೂತು ಮುಚ್ಚುವುದಿಲ್ಲ. ತಪ್ಪಿದ ಹೊಲಿಗೆಯನ್ನು ಬಿಚ್ಚಿದರೆ ತೂತುಗಳ ಸಾಲು ಹಾಗೆಯೇ ಉಳಿದು ಆ ತುಂಡು ಹಾಳು. ತೂತುಗಳು ಹತ್ತಿರ ಹತ್ತಿರವಾದರೆ ಅಂಚೆಚೀಟಿಯ ಹಾಳೆಯಂತೆ ಅಲ್ಲಿಯೇ ಹರಿಯುತ್ತದೆ. ಬೂಟಿಗೆ ಅಂಗುಲಕ್ಕೆ 8ರಿಂದ 12 ಹೊಲಿಗೆ ಸರಿಯಾದ ಲೆಕ್ಕ. ಹಳೆಯ ಯಂತ್ರದಲ್ಲಿ ನಾವು ನೋಡಬೇಕಾದ ಗುಣಗಳೆಲ್ಲ ಇದರಿಂದಲೇ ಹುಟ್ಟುತ್ತವೆ: ಅದು ಮೆಲ್ಲಗೆ ನಡೆಯಬೇಕು, ಹೊಲಿಗೆಯ ಉದ್ದ ಎಲ್ಲಿಯೂ ಬದಲಾಗಬಾರದು, ತೊಗಲಿನ ಮುಖಕ್ಕೆ ಗಾಯ ಮಾಡಬಾರದು.

ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು “ಎಷ್ಟು ದಪ್ಪ ಹೊಲಿಯುತ್ತದೆ?” ಎಂದು. ಕೇಳಬೇಕಾದುದು “ತೊಗಲನ್ನು ಹೇಗೆ ಎಳೆಯುತ್ತದೆ?” ಎಂದು. ದರ್ಜಿಯ ಯಂತ್ರದಲ್ಲಿ ಕೆಳಗಿನ ಹಲ್ಲುಗಳು ಮಾತ್ರ ಎಳೆಯುತ್ತವೆ, ಮೇಲಿನ ಪಾದ ಸುಮ್ಮನೆ ಒತ್ತಿಕೊಂಡಿರುತ್ತದೆ. ಹೀಗಾಗಿ ಕೆಳಗಿನ ತುಂಡು ಮುಂದೆ ಹೋಗಿ ಮೇಲಿನದು ಹಿಂದೆ ಉಳಿಯುವ ಅಪಾಯವಿದೆ, ಹಲ್ಲಿನ ಗುರುತೂ ತಳದಲ್ಲಿ ಬೀಳುತ್ತದೆ. ಎರಡನೆಯ ಬಗೆಯಲ್ಲಿ ಕೆಳಗೊಂದು ಸಣ್ಣ ಚಕ್ರ, ಮೇಲೊಂದು ಉರುಳು ಇದ್ದು ಅವೆರಡರ ನಡುವೆ ತೊಗಲು ಸಾಗುತ್ತದೆ. ಪಾದರಕ್ಷೆಯ ಕಾರ್ಖಾನೆಗಳಲ್ಲಿ ಇದಕ್ಕೆ ಮರ್ಯಾದೆ. ಮೂರನೆಯದರಲ್ಲಿ ಹಲ್ಲು, ಸೂಜಿ, ಪಾದ ಮೂರೂ ಒಟ್ಟಿಗೆ ಹೆಜ್ಜೆ ಹಾಕುತ್ತವೆ. ಕುರ್ಚಿಯ ಗವಸು, ಚೀಲ ಮೊದಲಾದುವಕ್ಕೆ ಇದಕ್ಕೆ ಸಾಟಿಯಿಲ್ಲ, ಆದರೆ ಅಗಲವಾದ ಆ ಪಾದಗಳು ಬೂಟಿನ ಕಿರಿದಾದ ತಿರುವುಗಳಲ್ಲಿ ತಡವರಿಸುತ್ತವೆ, ಬೆಲೆಯೂ ಮೇಲೆಯೇ. ನಾಲ್ಕನೆಯದು ಮೇಲಿನ ಪಾದವೇ ಹಲ್ಲುಗಳಿಂದ ಕಚ್ಚಿ ಎಳೆಯುವ ಯಂತ್ರ. ರಸ್ತೆಬದಿಯಲ್ಲಿ ಬೂಟು ರಿಪೇರಿ ಮಾಡುವವರ ಮುಂದೆ, ಕೊಕ್ಕರೆಯಂತೆ ಉದ್ದ ತೋಳು ಚಾಚಿ ನಿಂತ ಕಪ್ಪು ಯಂತ್ರವನ್ನು ನೀವು ನೋಡಿರಬಹುದು. ಅದೇ ಇದು.

ಹೊಸಬರಿಗೆ ಎಲ್ಲರೂ ಮೊದಲು ಹೇಳುವುದು ಈ ಕೊಕ್ಕರೆಯನ್ನು. ಸಿಂಗರ್ 29ಕೆ ಎಂಬುದು ಈ ಜಾತಿಯಲ್ಲಿ ಪ್ರಸಿದ್ಧ. ಇಲ್ಲಿ ‘ಕೆ’ ಎಂಬುದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಊರಿನ ಕಿಲ್ಬೋವಿ ಕಾರ್ಖಾನೆಯ ಗುರುತು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಅಲ್ಲಿಯ ರೈಲು ನಿಲ್ದಾಣ ಮಾತ್ರ ಇಂದಿಗೂ ಸಿಂಗರ್ ಎಂಬ ಹೆಸರಿನಲ್ಲಿಯೇ ಇದೆ. ಈ ಯಂತ್ರದ ಪಾದ ಸುತ್ತಲೂ ತಿರುಗುತ್ತದೆ. ತೊಗಲನ್ನು ತಿರುಗಿಸದೆ ಪಾದವನ್ನೇ ತಿರುಗಿಸಿ, ಹೊಲಿಗೆಯನ್ನು ಯಾವ ದಿಕ್ಕಿಗಾದರೂ ಕೊಂಡೊಯ್ಯಬಹುದು. ತೋಳು ತೆಳ್ಳಗಿರುವುದರಿಂದ ಸಿದ್ಧವಾದ ಬೂಟಿನೊಳಕ್ಕೆ ತೂರಿಸಿ ಹರಿದ ಹೊಲಿಗೆಯನ್ನು ಸರಿಪಡಿಸಬಹುದು. ರಿಪೇರಿಗೆ ಇದಕ್ಕಿಂತ ಜಾಣ ಯಂತ್ರ ನಾನು ಕಂಡಿಲ್ಲ.

ಆದರೆ ಹೊಸ ಬೂಟು ಮಾಡುವವನ ಮೊದಲನೆಯ ಯಂತ್ರ ಇದಾಗಬಾರದೆಂದೇ ನನ್ನ ಅಭಿಪ್ರಾಯ. ತೋಳನ್ನು ತೆಳ್ಳಗೆ ಇಡುವ ಸಲುವಾಗಿ ಲಾಳಿಯನ್ನೂ ಅದರೊಳಗಿನ ದಾರದ ಉರುಳೆಯನ್ನೂ ಬಹಳ ಚಿಕ್ಕದಾಗಿ ಮಾಡಿದ್ದಾರೆ. ಉರುಳೆ ಕೊಂಚ ದೊಡ್ಡದಿರುವ ಮಾದರಿಗಳಿದ್ದರೂ ನಮಗೆ ಕಡಿಮೆ ಬೆಲೆಗೆ ಸಿಗುವುದು ಚಿಕ್ಕದರದೇ. ದಪ್ಪ ದಾರ ಹಾಕಿದರೆ ಉದ್ದನೆಯ ಒಂದು ಸಾಲಿನ ನಡುವೆಯೇ ದಾರ ಮುಗಿಯುತ್ತದೆ. ಮೇಲಿನ ಪಾದ ಹಲ್ಲುಳ್ಳದ್ದು. ಅದರ ಗುರುತು ಬೀಳುವುದು ತೊಗಲಿನ ಒಳ್ಳೆಯ ಮುಖದ ಮೇಲೆಯೇ. ಕೆಳಗೆ ಆಸರೆಯಾಗುವ ಹಲಗೆಯಿಲ್ಲದೆ ಅಗಲವಾದ ತುಂಡುಗಳು ಜೋತುಬಿದ್ದು ಸಾಲು ಡೊಂಕಾಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದ ಮಾತು ಸವಕಳಿಯದು. ತೋಳಿನೊಳಗೆ ಹಲ್ಲಿನ ಪಟ್ಟಿಯೊಂದು ಹಿಂದೆ ಮುಂದೆ ಸರಿದು ಲಾಳಿಯನ್ನು ಆಡಿಸುತ್ತದೆ. ಪಾದವನ್ನು ನಡೆಸುವ ಸನ್ನೆಗಳು ಮೇಲಿವೆ. ಅರ್ಧ ಶತಮಾನ ದುಡಿದ ಯಂತ್ರದಲ್ಲಿ ಇವೆಲ್ಲ ಸಡಿಲವಾಗಿರುತ್ತವೆ. ಆಗ ಹೊಲಿಗೆ ಒಂದು ದಿಕ್ಕಿಗೆ ಉದ್ದ, ಇನ್ನೊಂದು ದಿಕ್ಕಿಗೆ ಗಿಡ್ಡ. ಪರೀಕ್ಷೆ ಸುಲಭ: ತೊಗಲಿನ ತುಂಡೊಂದರ ಮೇಲೆ ತೋಳಿನುದ್ದಕ್ಕೆ ಒಳಮುಖವಾಗಿ, ಹೊರಮುಖವಾಗಿ, ಎಡಕ್ಕೆ, ಬಲಕ್ಕೆ ನಾಲ್ಕು ಸಾಲು ಹೊಲಿದು ಅಂಗುಲದ ಲೆಕ್ಕ ಹಿಡಿದು ಎಣಿಸುವುದು. ನಾಲ್ಕೂ ಹೊಂದದಿದ್ದರೆ ಅಂಗಡಿಯವನ ಮಾತು ಕೇಳಬೇಕಾಗಿಲ್ಲ. ಇದೇ ಮಾದರಿಯಲ್ಲಿ ಚೀನಾದಿಂದ ಬರುವ, ಕೈಯಿಂದ ತಿರುವುವ ಅಗ್ಗದ ಹೊಸ ಯಂತ್ರಗಳಿವೆ. ಅವುಗಳ ಎರಕ ಒರಟು. ಉಜ್ಜಿ ನಯಮಾಡುವ ತಾಳ್ಮೆಯಿದ್ದವನಿಗೆ ರಿಪೇರಿಗೆ ಬಂದಾವು.

ಅಂಗಡಿಯಲ್ಲಿದ್ದ ಎರಡನೆಯದು ಕಂಬದ ಯಂತ್ರ. ಇದರಲ್ಲಿ ಹೊಲಿಗೆಯ ತಾಣ ಮೇಜಿನಿಂದ ಗೇಣುದ್ದ ಮೇಲೆ, ಸಣ್ಣ ಕಂಬವೊಂದರ ನೆತ್ತಿಯಲ್ಲಿರುತ್ತದೆ. ಕೊಳವೆಯಾಗಿ ಕೂಡಿದ ಮೇಲ್ಭಾಗವನ್ನು ಕಂಬಕ್ಕೆ ಟೋಪಿಯಂತೆ ತೊಡಿಸಿ ಸುತ್ತಲೂ ಹೊಲಿಯಬಹುದು. ಚಕ್ರದಿಂದ ಎಳೆಯುವ ಕಂಬದ ಯಂತ್ರವೇ ಈ ಕಸುಬಿನ ನಿಜವಾದ ಯಂತ್ರ, ಸಂಶಯವಿಲ್ಲ. ಆದರೆ ಒಳ್ಳೆಯ ಸ್ಥಿತಿಯಲ್ಲಿದ್ದರೆ ಬೆಲೆ ಕೈಗೆಟುಕದು. ಕೈಗೆಟುಕುವುದು ಕಾರ್ಖಾನೆಯವರು ಹಿಂಡಿ ಹಿಪ್ಪೆಮಾಡಿ ಬಿಸಾಡಿದ್ದು. ಸಾಲ ತಂದವನಿಗೆ ಇದು ಮುಂದಿನ ಮಾತು.

ಉಳಿದದ್ದು ಯಾರೂ ಕಣ್ಣೆತ್ತಿ ನೋಡದ ಕಪ್ಪು ದರ್ಜಿಯ ಯಂತ್ರ. ಮನೆಯಲ್ಲಿ ಅಮ್ಮಂದಿರು ರವಿಕೆ ಹೊಲಿಯುತ್ತಿದ್ದ ಹಗುರದ್ದಲ್ಲ. ಕೋಟು ಹೊಲಿಯುವವರು ಬಳಸುತ್ತಿದ್ದ, 31ಕೆ ಎಂಬ ವರ್ಗದ, ಉದ್ದ ಹಾಸಿನ ಗಟ್ಟಿ ಯಂತ್ರ. ಅದೇ ಬಗೆಯವನ್ನು ಲೂಧಿಯಾನದಲ್ಲಿ ಕೂಡ ಮಾಡುತ್ತಾರೆ. ನನ್ನ ಮತ ಇದಕ್ಕೆ. ಹಲ್ಲಿನಿಂದ ಮಾತ್ರ ಎಳೆಯುತ್ತದೆಂಬ ಕೊರತೆಯನ್ನು ಆಗಲೇ ಹೇಳಿದೆ. ಅದಕ್ಕೆ ಪರಿಹಾರವುಂಟು: ಒತ್ತುವ ಪಾದವನ್ನು ಕಳಚಿ ಉರುಳಿನ ಪಾದ ಹಾಕುವುದು, ಹಲ್ಲುಗಳ ಮೊನೆಯನ್ನು ನಯವಾದ ಕಲ್ಲಿನಿಂದ ಸ್ವಲ್ಪ ಮೊಂಡುಮಾಡುವುದು, ಕೂಡಿಸುವ ತುಂಡುಗಳನ್ನು ಮೊದಲೇ ತೆಳುವಾಗಿ ಅಂಟು ಹಚ್ಚಿ ಜೋಡಿಸಿಕೊಳ್ಳುವುದು. ಅಂಟಿದ ಮೇಲೆ ಒಂದು ಮುಂದೆ, ಒಂದು ಹಿಂದೆ ಎಂಬ ಪ್ರಶ್ನೆಯೇ ಏಳದು.

ಹಾಸು ಚಪ್ಪಟೆಯಾದುದರಿಂದ ಕೊಳವೆಯಾಕಾರದ ಬೂಟನ್ನು ಹೊಲಿಯುವುದೆಂತು ಎಂಬ ಶಂಕೆ ಬರಬಹುದು. ಉತ್ತರವಿರುವುದು ಹೊಲಿಯುವ ಕ್ರಮದಲ್ಲಿ. ಬೂಟಿನ ಮೇಲ್ಭಾಗ ಕೊಳವೆಯಾಗುವುದು ಕಟ್ಟಕಡೆಗೆ, ಹಿಮ್ಮಡಿಯ ಹಿಂಬದಿಯ ಜೋಡಣೆಯಾದಾಗ. ಅದಕ್ಕೆ ಮುಂಚೆ ಮುಂಗಾಲಿನ ತುಂಡಿಗೆ ಮೂತಿಯ ತುಂಡನ್ನು ಕೂಡಿಸುವುದು, ನಾಲಿಗೆ ಹಚ್ಚುವುದು, ಪಕ್ಕದ ತುಂಡುಗಳ ಅಂಚು ಕಟ್ಟುವುದು, ಲಾಡಿಯ ಕಣ್ಣುಗಳ ಸುತ್ತ ಎರಡೆಳೆಯ ಸಾಲು ಹೊಲಿಯುವುದು ಎಲ್ಲವೂ ಚಪ್ಪಟೆಯಾಗಿರುವಾಗಲೇ ಆಗಬಹುದು. ಮುಕ್ಕಾಲು ಪಾಲು ಕೆಲಸ ಹೀಗೆ ಮುಗಿಯುತ್ತದೆ. ಉಳಿದ ಕಾಲು ಪಾಲಿನಲ್ಲಿ ಯಂತ್ರ ತಲುಪದ ಮೂಲೆಗಳಿದ್ದರೆ ಆರೆ ಇದೆ, ಎರಡು ಸೂಜಿಯ ಕೈಹೊಲಿಗೆ ಇದೆ.

ದಾರದ ಮಾತು. ಅಂಟು ಲೇಪಿಸಿ ಬಿಗಿದ ನೈಲಾನ್ ದಾರ ಈ ಕೆಲಸಕ್ಕೆ ತಕ್ಕದ್ದು. ಅದರ ಸಂಖ್ಯೆ ಕಡಿಮೆಯಾದಷ್ಟೂ ದಾರ ದಪ್ಪ. 40ನೆಯ ಸಂಖ್ಯೆಯ ದಾರವನ್ನು ಈ ಕಪ್ಪು ಯಂತ್ರ ಸುಖವಾಗಿ ಹೊಲಿಯುತ್ತದೆ. 20ನೆಯದನ್ನು ಹಾಕಿ ಅದನ್ನು ಗೋಳುಹೊಯ್ದುಕೊಳ್ಳಬಾರದು. 40ರ ದಾರಕ್ಕೆ 110 ಅಳತೆಯ ಸೂಜಿ, ಅಂದರೆ 1.1 ಮಿಲಿಮೀಟರ್ ದಪ್ಪದ್ದು. ಹಳೆಯ ಎಣಿಕೆಯಲ್ಲಿ ಇದನ್ನೇ 18 ಎನ್ನುತ್ತಾರೆ. ಸೂಜಿಯ ದಪ್ಪ ಒಂದು, ಅದರ ಕುಲ ಇನ್ನೊಂದು. ಒಂದು ಯಂತ್ರದ ಸೂಜಿ ಮತ್ತೊಂದಕ್ಕೆ ಉದ್ದದಲ್ಲಿಯೂ ಬುಡದಲ್ಲಿಯೂ ಹೊಂದದು. ಎಷ್ಟೋ ಹಳೆಯ ಯಂತ್ರಗಳು ಅಗ್ಗವಾಗಿ ಸಿಗುವುದು ಅವುಗಳ ಸೂಜಿ ಪೇಟೆಯಲ್ಲಿ ಸಿಗದಿರುವುದರಿಂದ. ಹಣ ಕೊಡುವ ಮೊದಲು ಆ ಕುಲದ ತೊಗಲಿನ ಸೂಜಿ ಒಂದು ಡಜನ್ ತಂದು ತೋರಿಸಯ್ಯಾ ಎನ್ನಬೇಕು.

ಅಂಗಡಿಗೆ ಹೋಗುವಾಗ ನಮ್ಮ ತೊಗಲು, ನಮ್ಮ ದಾರ ಜೊತೆಯಲ್ಲಿರಲಿ. ಅಂಗಡಿಯವನು ಬಟ್ಟೆಯ ಚೂರಿನ ಮೇಲೆ ಹೊಲಿದು ತೋರಿಸಿದ್ದು ಲೆಕ್ಕಕ್ಕಿಲ್ಲ. ಹೊಸ ಬಣ್ಣ, ಹೊಸ ಚಿನ್ನದ ಬಳ್ಳಿ ಕಂಡರೆ ಅನುಮಾನಿಸಬೇಕು. ಬಣ್ಣ ಹೋಗಿ ಕಬ್ಬಿಣ ಹೊಳೆಯುವ ಯಂತ್ರ ದುಡಿದದ್ದು, ಆದರೆ ಮುಚ್ಚುಮರೆಯಿಲ್ಲದ್ದು. ಮೊದಲು ಪಟ್ಟಿ ಕಳಚಿ ಚಕ್ರವನ್ನು ಕೈಯಿಂದ ತಿರುಗಿಸಿ ನೋಡುವುದು. ಒಂದೇ ಸಮನಾಗಿ ಬಿಗಿಯಾಗಿದ್ದರೆ ಒಣಗಿದ ಎಣ್ಣೆಯ ಅಂಟು. ಸೀಮೆಎಣ್ಣೆಯಿಂದ ತೊಳೆದರೆ ಬಿಟ್ಟುಕೊಳ್ಳುತ್ತದೆ. ಒಂದು ಸುತ್ತಿನಲ್ಲಿ ಒಂದೇ ಕಡೆ ತಡೆದರೆ ಒಳಗೆ ಏನೋ ಬಾಗಿದೆ. ಸೂಜಿ ಹಿಡಿಯುವ ಕಡ್ಡಿಯನ್ನು ಬೆರಳಲ್ಲಿ ಹಿಡಿದು ಅಲುಗಿಸಿ ನೋಡಿ. ಪಕ್ಕಕ್ಕೆ ಆಡಿದರೆ ಸೂಜಿ ದಪ್ಪ ತೊಗಲಿನಲ್ಲಿ ವಾಲಿ ಮುರಿಯುತ್ತದೆ. ಸೂಜಿ ಇಳಿಯುವ ತಗಡಿನ ತೂತು ಹರಿದು ಅಗಲವಾಗಿದ್ದರೆ ತಗಡು ಬದಲಾಯಿಸಬೇಕು. ದಾರವನ್ನು ಹಿಡಿಯುವ ಕೊಕ್ಕೆಯ ಮೊನೆ ಚೂಪಾಗಿರಬೇಕು. ಸೂಜಿ ತಳ ಮುಟ್ಟಿ ಸುಮಾರು 2 ಮಿಲಿಮೀಟರ್ ಮೇಲೆದ್ದಾಗ ಆ ಮೊನೆ ಸೂಜಿಗಣ್ಣಿನ ತುಸು ಮೇಲೆ ಬಂದು ಹಾಯಬೇಕು. ಈ ಕೂಟ ತಪ್ಪಿದರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ. ಸರಿಪಡಿಸಬಹುದಾದುದೇ, ಆದರೆ ಬೆಲೆಯಲ್ಲಿ ಇಳಿಸಿ ಕೇಳುವುದಕ್ಕೆ ಕಾರಣವಾಗುತ್ತದೆ. ಕೊನೆಗೆ ಪಾದವನ್ನೆತ್ತಿ, ಬೂಟಿನಲ್ಲಿ ಬರುವ ಅತಿ ದಪ್ಪ ಜೋಡಣೆ ಅದರಡಿ ಸುಲಭವಾಗಿ ನುಸುಳುವುದೇ ಎಂದು ನೋಡುವುದು.

ಮೋಟಾರಿನ ವಿಷಯ. ಹಳೆಯ ಕಾರ್ಖಾನೆಯ ಯಂತ್ರಗಳೊಡನೆ ಬರುವ ಕ್ಲಚ್ ಮೋಟಾರು ಸದಾ ಸುತ್ತುತ್ತಲೇ ಇರುತ್ತದೆ. ಕಾಲೊತ್ತಿದೊಡನೆ ಯಂತ್ರ ಕುದುರೆಯಂತೆ ನೆಗೆಯುತ್ತದೆ. ಹೊಸಬನ ತೊಗಲು ಆ ನೆಗೆತದಲ್ಲಿಯೇ ಹಾಳಾಗುವುದು. ಈಗ ಸರ್ವೋ ಮೋಟಾರುಗಳು ಸಿಗುತ್ತವೆ. ವೇಗದ ಮಿತಿಯನ್ನು ಮೊದಲೇ ಗೊತ್ತುಮಾಡಿ ಒಂದೊಂದೇ ಹೊಲಿಗೆಯಂತೆ ನಡೆಸಬಹುದು. ಅದಕ್ಕೂ ಹಣವಿಲ್ಲದಿದ್ದರೆ ಕಾಲಿನಿಂದ ತುಳಿಯುವ ಹಳೆಯ ಕಬ್ಬಿಣದ ಪೀಠ ಉತ್ತಮೋತ್ತಮ. ತಿರುವಿನಲ್ಲಿ ಕಾಲು ನಿಲ್ಲಿಸಿ, ಕೈಯಿಂದ ಚಕ್ರ ತಿರುಗಿಸಿ ಮೂರು ಹೊಲಿಗೆ ಹಾಕಬಹುದು. ಅದರ ಚಕ್ರವನ್ನು ಸುತ್ತಿಸುವ ದುಂಡು ಪಟ್ಟಿಯೂ ತೊಗಲಿನದೇ ಎಂಬುದನ್ನು ನೋಡಿ ನನಗೆ ಪ್ರತಿ ಸಲವೂ ಏನೋ ಸಂತೋಷ.

ಕೈಯಲ್ಲಿರುವ ಹಣವನ್ನೆಲ್ಲ ಯಂತ್ರದ ತಲೆಗೇ ಸುರಿಯಬಾರದು. ಮೂರನೆಯ ಒಂದು ಪಾಲನ್ನಾದರೂ ಸೂಜಿ, ದಾರ, ಅಚ್ಚು, ಕೆಡಿಸಿ ಕಲಿಯಲು ಬೇಕಾದ ತೊಗಲಿಗೆ ಎತ್ತಿಡಬೇಕು. ಮರದ ಅಚ್ಚುಗಳನ್ನೂ ಹಳೆಯವನ್ನೇ ಕೊಳ್ಳಬಹುದು. ಎಡಬಲ ಒಂದೇ ಜೊತೆಯವೇ ಎಂದು ಮಾತ್ರ ನೋಡಿಕೊಳ್ಳಬೇಕು, ಮಾರುವವರು ಬೆರೆಸಿಬಿಟ್ಟಿರುತ್ತಾರೆ.

ಅಟ್ಟೆಯ ಹೊಲಿಗೆ ಏನಾಯಿತೆಂದು ಕೇಳಿದರೆ, ಅದು ಕೈಯಲ್ಲಿ. ಬಾಗಿದ ಆರೆಯಿಂದ ತೂತು, ಮೇಣ ತಿಕ್ಕಿದ ಬಹುಎಳೆಯ ದಾರ, ಎರಡೂ ಕಡೆಯಿಂದ ಎದುರುಬದುರಾಗಿ ತೂರಿ ಎಳೆದು ಬಿಗಿಯುವ ಹೊಲಿಗೆ. ಜೊತೆಯೊಂದಕ್ಕೆ ಹೊಸಬನಿಗೆ ಇಡೀ ದಿನ ಹಿಡಿಯುತ್ತದೆ. ಯಂತ್ರದ ಹೊಲಿಗೆಯಲ್ಲಿ ಎರಡು ದಾರಗಳೂ ನಡುವಿನಲ್ಲಿ ಒಂದನ್ನೊಂದು ತಬ್ಬಿ ಹಿಂದಿರುಗುತ್ತವೆ. ಕೈಹೊಲಿಗೆಯಲ್ಲಿ ಎರಡೂ ಪ್ರತಿ ತೂತನ್ನು ದಾಟಿ ಆಚೆಗೆ ಹೋಗುತ್ತವೆ. ಹೀಗಾಗಿ ಒಂದು ಹೊಲಿಗೆ ಸವೆದು ಕಡಿದರೂ ಪಕ್ಕದವು ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ಅಥಣಿಯ ಹುಡುಗನಿಗೆ ಇದರಲ್ಲಿ ಹೊಸದಾಗಿ ಕಲಿಯಬೇಕಾದುದು ದಾರಕ್ಕೆ ಮೇಣ ತಿಕ್ಕುವುದೊಂದೇ.